ಹಸಿರು ಬಣ್ಣದ ‘ಕೆಂಪು’

“ನಂಗೂ ಕರೆಂಟ್ ಕೊಡು ಚಿಕ್ಕಮ್ಮ, ಸ್ವಲ್ಪ ಸಾಕು,” ಎಂದು ಮೈತ್ರಿ ಕೂದಲು ಸರಿಸಿ ಹಣೆ ಮುಂದೊಡ್ಡಿದಳು.

ಯಶೋಧರಾ ಚಿಕ್ಕಮ್ಮ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ರಿಸರ್ಚ್ ಮಾಡುತ್ತಿದ್ದಳು. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜು, ತಲೆಗೆ ಕಟ್ಟುವ ಪಟ್ಟಿ, ಬ್ಯಾಟರಿಯ ಪುಟ್ಟ ಪೆಟ್ಟಿಗೆ. ದೊಡ್ಡವರ ಹಣೆಗೆ ಇರುವೆ ಹರಿದಂತೆ ಅನಿಸುವಷ್ಟು ಸಣ್ಣ ಕರೆಂಟ್ ಕೊಟ್ಟು, ಮಿದುಳು ಗಮನವನ್ನು ಹೇಗೆ ಹಿಡಿದಿಡುತ್ತದೆ ಎಂದು ನೋಡುವುದು ಅವಳ ಕೆಲಸ.

ಮೈತ್ರಿಗೆ ಬೇಕಾಗಿದ್ದೂ ಅದೇ. ಭದ್ರಾವತಿ ನ್ಯೂ ಟೌನಿನ ಅವಳ ಸ್ಕೂಲಿನಲ್ಲಿ ಮೀರಾ ಮಿಸ್ಸು ಡೈರಿಯಲ್ಲಿ ‘ಗಮನವಿಲ್ಲ’ ಎಂದು ಮೂರು ಸಲ ಬರೆದಾಗಿತ್ತು. ಇನ್ನೊಂದು ಸಲ ಬರೆದರೆ ಗೆಳತಿ ಅಕ್ಷರಾಳ ಪಕ್ಕದಿಂದ ಎಬ್ಬಿಸಿ ಬೇರೆ ಬೆಂಚಿಗೆ ಕಳಿಸುತ್ತಾರಂತೆ.

ಮೈತ್ರಿಯ ಜೊತೆಗೆ ಲ್ಯಾಬಿಗೆ ಬಂದಿದ್ದ ಹೂವಮ್ಮಜ್ಜಿಗೆ ಗಾಬರಿ. “ಕರೆಂಟ್ ಕೊಡೋದು ಹುಚ್ಚು ಬಿಡ್ಸೋಕೆ ಮಾರಾಯ್ತಿ, ನಿಂಗ್ಯಾಕೆ ಅದು?”

ಅದೇ ಬೇರೆ, ಇದೇ ಬೇರೆ ಎಂದು ಚಿಕ್ಕಮ್ಮ ನಕ್ಕಳು. ಇದು ಔಷಧಿಯಲ್ಲ, ಮಕ್ಕಳಿಗೆ ಹಾಕುವಂತೆಯೂ ಇಲ್ಲ, ಬೇಕಾದರೆ ಸುಮ್ಮನೆ ಆಟ ಆಡು ಎಂದು ಮೈತ್ರಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ತೆರೆಯ ಮೇಲೆ ಬರುವ ಪದವನ್ನು ಓದಬಾರದು, ಅದರ ಬಣ್ಣ ಹೇಳಬೇಕು. ಅಷ್ಟೆ.

ಹಸಿರು ಬಣ್ಣದಲ್ಲಿ ‘ಕೆಂಪು’ ಎಂದು ಬಂತು. ಮೈತ್ರಿ “ಕೆಂಪು” ಎಂದುಬಿಟ್ಟಳು. ಹತ್ತರಲ್ಲಿ ಆರು ತಪ್ಪು. ಅವಳ ಮುಖ ಸಪ್ಪಗಾಯಿತು.

ಇಷ್ಟೇನಾ ಎಂದು ಅಜ್ಜಿ ಸೆರಗು ಸಿಕ್ಕಿಸಿ ಕೂತರು. ಹಸಿರು, ನೀಲಿ, ಹಳದಿ... ಬೀನ್ಸ್ ಮುರಿದಂತೆ ಪಟಪಟ ಹೇಳಿ ಹತ್ತಕ್ಕೆ ಹತ್ತು ತೆಗೆದರು.

“ಅದು ಹೆಂಗಜ್ಜಿ?”

“ನಂಗೆ ಓದೋಕೆ ಬರಲ್ವಲ್ಲೇ. ಅಲ್ಲಿ ಏನು ಬರ್ದಿದ್ರೆ ನಂಗೇನು?”

ಮೈತ್ರಿ ತೆರೆಯನ್ನೇ ನೋಡಿದಳು. ತನ್ನ ಗಮನ ಎಲ್ಲೂ ಕಳೆದುಹೋಗಿರಲಿಲ್ಲ. ಅಕ್ಷರ ಕಂಡಲ್ಲಿಗೆ ಓಡಿಹೋಗುತ್ತಿತ್ತು. ಕ್ಲಾಸಿನಲ್ಲೂ ಹಾಗೇ, ಕಿಟಕಿಯಾಚೆ ಲಾರಿ ಹೋದರೆ ಅದರ ಹಿಂದೆ ಬರೆದದ್ದನ್ನು ಓದದೆ ಅವಳಿಗೆ ಇರಲಾಗುತ್ತಿರಲಿಲ್ಲ.

“ಇನ್ನೊಂದ್ಸಲ ಆಡ್ತೀನಿ,” ಎಂದಳು.

ಈ ಸಲ ನೀಲಿ ಬಣ್ಣದಲ್ಲಿ ‘ಹಳದಿ’ ಎಂದು ಬಂತು. ನಾಲಗೆಯ ತುದಿಗೆ ‘ಹ’ ಬಂದೇಬಿಟ್ಟಿತ್ತು. ಮೈತ್ರಿ ತುಟಿ ಬಿಗಿಹಿಡಿದು ಒಂದು ಕ್ಷಣ ತಡೆದಳು.

“ನೀಲಿ.”

ಚಿಕ್ಕಮ್ಮ ಸರಿ ಎಂದು ಗುರುತು ಹಾಕಿಕೊಂಡಳು. ಓಡುತ್ತಿದ್ದ ಗಮನದ ಕೈ ಹಿಡಿದು ನಿಲ್ಲಿಸಿದ್ದು ತಾನೇ ಎಂದು ಮೈತ್ರಿಗೆ ಗೊತ್ತಿತ್ತು.