ಭುಜದ ಮೇಲಿನ ಕೈ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಿವೃತ್ತ ಟೀಚರೊಬ್ಬರು ಠಾಣೆಗೆ ಬಂದು ತಮ್ಮದೇ ಸಾವಿನ ಬಗ್ಗೆ ದೂರು ಕೊಟ್ಟರು.

"ನಾನು ಸತ್ತಿಲ್ಲ ಅಂತ ಬರ್ಕೊಳ್ಳಿ," ಎಂದರು.

ಠಾಣೆಯಲ್ಲಿ ಎಲ್ಲರೂ 'ಮೀಸೆ' ಎಂದೇ ಕರೆಯುವ ಹೆಡ್ ಕಾನ್‌ಸ್ಟೆಬಲ್ ಪೆನ್ನು ಹಿಡಿದುಕೊಂಡು ಇನ್‌ಸ್ಪೆಕ್ಟರ್ ಮೇಡಂ ಮುಖ ನೋಡಿದರು. ಇಂಥ ದೂರನ್ನು ಎಲ್ಲಿಂದ ಶುರು ಮಾಡುವುದೋ ಅವರಿಗೆ ಹೊಳೆಯಲಿಲ್ಲ.

ಮೇಡಂ ಕೂರಿಸಿ ಕೇಳಿದರು. ಟೀಚರು ಆರು ವರ್ಷಗಳಿಂದ ಅಂತರ್ಜಾಲದ ಒಂದು ತಾಣದಲ್ಲಿ ತಮ್ಮ ವಂಶವೃಕ್ಷ ಕಟ್ಟುತ್ತಿದ್ದರು. ಹಳೆಯ ಪತ್ರಿಕೆಗಳು, ಸಮಾಧಿಗಳ ಫೋಟೋ, ಹಡಗಿನ ಪ್ರಯಾಣಿಕರ ಹೆಸರುಗಳು, ಎಲ್ಲವೂ ಈಗ ಕೂತಲ್ಲೇ ಸಿಗುತ್ತವಂತೆ. ಹಾಗೆ ಹುಡುಕುತ್ತ, ಎಳೆ ವಯಸ್ಸಿನಲ್ಲೇ ಸಮುದ್ರ ದಾಟಿ ಹೋಗಿ ಸಂಪರ್ಕ ಕಡಿದುಹೋಗಿದ್ದ ಚಿಕ್ಕಮ್ಮನನ್ನು, ಎಂದರೆ ತೀರಿಹೋದ ತಾಯಿಯ ತಂಗಿಯನ್ನು, ಪತ್ತೆ ಮಾಡಿದ್ದರು. ಬರುವ ಭಾನುವಾರ ಮೊದಲ ಸಲ ಪರದೆಯ ಮೇಲೆ ಮುಖಾಮುಖಿ ಮಾತಾಡುವುದೆಂದು ನಿಗದಿಯಾಗಿತ್ತು. ಅಷ್ಟರಲ್ಲಿ ಯಾರೋ ಟೀಚರ ಹೆಸರಿನ ಮರಣ ಪ್ರಮಾಣಪತ್ರವನ್ನು ಒಂದು ಫೋಟೋ ಸಮೇತ ತಾಣಕ್ಕೆ ಕಳಿಸಿದ್ದರು. ತಾಣದವರು ಅವರ ಖಾತೆ ಮುಚ್ಚಿ, ಆ ಫೋಟೋ ಹಾಕಿ ಶ್ರದ್ಧಾಂಜಲಿ ಪುಟ ತೆರೆದುಬಿಟ್ಟಿದ್ದರು. ಚಿಕ್ಕಮ್ಮನ ಫೋನ್ ನಂಬರ್ ಕೂಡ ಟೀಚರ ಬಳಿ ಇರಲಿಲ್ಲ. ಮಾತೆಲ್ಲ ಆ ಖಾತೆಯ ಮೂಲಕವೇ ನಡೆದಿತ್ತು.

"ಅವರಿಗೆ ತೊಂಬತ್ತು ವರ್ಷ. ನಾನು ಹೋದೆ ಅಂತ ಅಳ್ತಾ ಕೂತಿರ್ತಾರೆ. ಭಾನುವಾರದೊಳಗೆ ನಾನು ಬದುಕಬೇಕು ಮೇಡಂ."

ಪ್ರಮಾಣಪತ್ರ ನಕಲಿ ಎಂದು ನೋಂದಣಿ ಕಚೇರಿ ಅಂದೇ ಖಚಿತಪಡಿಸಿತು. ಎಫ್‌ಐಆರ್ ದಾಖಲಾಯಿತು. ಬುಧವಾರ ತಾಣದವರ ಉತ್ತರ ಬಂತು: ಪ್ರಮಾಣಪತ್ರ ಬಂದದ್ದು ದೂರುದಾರರ ಮನೆಯ ಇಂಟರ್ನೆಟ್ ಸಂಪರ್ಕದಿಂದಲೇ.

"ಗಂಡಂದೇ ಕೆಲಸ," ಎಂದರು ಮೀಸೆ. ಅವರ ಪ್ರಕಾರ ಯಾವ ಕೇಸಿನಲ್ಲೂ ಗಂಡಂದೇ ಕೆಲಸ.

ಮನೆಯಲ್ಲಿದ್ದವರು ಟೀಚರು, ಅವರ ಗಂಡ, ಮಹಡಿಯ ಮೇಲೆ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಟೀಚರ ತಂಗಿ. ಹೆಂಡತಿ ಸತ್ತವರ ಜೊತೆಗೇ ಸಂಸಾರ ಮಾಡುತ್ತಾಳೆಂದು ಗಂಡ ಗೊಣಗಿದ್ದು ನಿಜ. ಆದರೆ ಆ ಪುಣ್ಯಾತ್ಮನಿಗೆ ಫೋನಿನಿಂದ ಒಂದು ಫೋಟೋ ಕಳಿಸಲೂ ಬರುತ್ತಿರಲಿಲ್ಲ. ಮೀಸೆ ಎದುರಿಗೇ ಪರೀಕ್ಷೆ ಮಾಡಿ ಸೋತರು.

ಮೇಡಂ ವಂಶವೃಕ್ಷ ತೆರೆದು ನೋಡಿದರು. ತಾಯಿಯ ಚೌಕದ ಕೆಳಗೆ ಎರಡು ಚೌಕಗಳು. ಒಂದರಲ್ಲಿ ಟೀಚರ ನಗುಮುಖ, ವೃಕ್ಷ ಕಟ್ಟಿದವರೆಂಬ ಪಟ್ಟ. ಇನ್ನೊಂದು ಬೂದು ಬಣ್ಣದ್ದು. ಅದರಲ್ಲಿ ಹೆಸರಿಲ್ಲ, 'ಜೀವಂತ ವ್ಯಕ್ತಿ' ಎಂದಷ್ಟೇ ಇತ್ತು.

"ವೃಕ್ಷ ಕಟ್ಟಿದವರನ್ನ ಬಿಟ್ಟು ಬದುಕಿರೋರ ಹೆಸರು, ಫೋಟೋ ತೋರಿಸಬಾರದು ಅಂತ ತಾಣದ ನಿಯಮ," ಎಂದರು ಟೀಚರು. "ಅದು ನನ್ನ ತಂಗಿ."

ಅಂದು ಸಂಜೆ ಮೇಡಂ ಶ್ರದ್ಧಾಂಜಲಿ ಪುಟದ ಸಂತಾಪದ ಮಾತುಗಳನ್ನು ಒಂದೊಂದಾಗಿ ಓದಿದರು. ಮುನ್ನೂರರ ಹತ್ತಿರ ಇದ್ದವು. ಎಲ್ಲರೂ ಒಂದೇ ಅಚ್ಚಿನಲ್ಲಿ ಅತ್ತಿದ್ದರು. ಕೊನೆಯಲ್ಲಿದ್ದ ಒಂದು ಸಂದೇಶ ಮಾತ್ರ ಬೇರೆ ಥರ ಇತ್ತು. ಅದನ್ನು ಓದಿದ ಮೇಲೆ ಮೇಡಂ ಎರಡೂ ಫೋಟೋಗಳನ್ನು ಪಕ್ಕಪಕ್ಕ ಇಟ್ಟರು. ಸಮುದ್ರ ದಂಡೆಯಲ್ಲಿ ತೆಗೆದ ಒಂದೇ ಚಿತ್ರ. ಟೀಚರು ವೃಕ್ಷಕ್ಕೆ ಹಾಕಿದ್ದರಲ್ಲಿ ಅವರೊಬ್ಬರೇ. ಶ್ರದ್ಧಾಂಜಲಿ ಪುಟದ್ದರಲ್ಲಿ ಅವರ ಭುಜದ ಮೇಲೆ ಒಂದು ಕೈ, ಮಣಿಕಟ್ಟಿಗೆ ಗಂಡಸರು ಕಟ್ಟುವ ದಪ್ಪ ಗಡಿಯಾರ. ಆ ಗಡಿಯಾರವನ್ನು ಮೇಡಂ ಬೆಳಿಗ್ಗೆಯಷ್ಟೇ ಸ್ಟುಡಿಯೋದಲ್ಲಿ ತಂಗಿಯ ಕೈಯಲ್ಲಿ ನೋಡಿದ್ದರು. ಅಪ್ಪನದು ಎಂದು ಅವಳೇ ಹೇಳಿದ್ದಳು.

ಗುರುವಾರ ಅಕ್ಕಪಕ್ಕದ ಅಂಗಡಿಯವರಿಬ್ಬರ ಸಮಕ್ಷಮ ಪಂಚನಾಮೆ ನಡೆಯಿತು. ಸ್ಟುಡಿಯೋದ ಕಂಪ್ಯೂಟರಿನಲ್ಲಿ ನಕಲಿ ಪ್ರಮಾಣಪತ್ರವೂ ಅಕ್ಕತಂಗಿಯರಿಬ್ಬರೂ ಇದ್ದ ಪೂರ್ತಿ ಚಿತ್ರವೂ ಸಿಕ್ಕವು.

"ಇದು ನಿಮ್ಮ ಕೈ ತಾನೆ?"

"ಹೌದು."

"ಫೋಟೋ ಕತ್ತರಿಸೋದು ನಿಮ್ಮ ಕಸುಬು. ಇದನ್ನ ಯಾಕೆ ಬಿಟ್ರಿ?"

"ಅಕ್ಕ ಒಂದ್ಸಲ ಕತ್ತರಿಸಿದ್ದಳು. ನನಗೆ ಮನಸ್ಸು ಬರ್ಲಿಲ್ಲ."

ಉಳಿದದ್ದನ್ನು ತಂಗಿ ಠಾಣೆಯಲ್ಲಿ ಹೇಳಿದಳು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡದ್ದು ಅವಳು. ಯಾರು ಯಾವ ಹಡಗು ಹತ್ತಿದರು, ಯಾರ ಮಗು ಯಾವ ಊರಲ್ಲಿ ತೀರಿತು ಎಂದು ತಾಯಿ ಹೇಳಿದ್ದೆಲ್ಲ ಅವಳಿಗೆ, ತಲೆ ಬಾಚಿಸಿಕೊಳ್ಳುವ ಹೊತ್ತಿನಲ್ಲಿ. ಅದನ್ನವಳು ಊಟಕ್ಕೆ ಕೂತಾಗ ಅಕ್ಕನಿಗೆ ಹೇಳುತ್ತಿದ್ದಳು. ಅಕ್ಕ ಕೈ ತೊಳೆದು ಹೋಗಿ ಟೈಪ್ ಮಾಡುತ್ತಿದ್ದರು. ಊರೂರಿನ ನೆಂಟರು ಅಕ್ಕನನ್ನು ಹಾಡಿ ಹೊಗಳಿದರು. ತಂಗಿಯ ಹೊಟ್ಟೆ ಉರಿಯಿತು. ಭಾನುವಾರ ಚಿಕ್ಕಮ್ಮನೂ ಅಕ್ಕನ ಪಾಲಾಗುವುದನ್ನು ಅವಳಿಂದ ತಡೆದುಕೊಳ್ಳಲು ಆಗಲಿಲ್ಲ.

"ಅವಳಿಲ್ಲ ಅಂದ್ರೆ ನನ್ನನ್ನ ಕೇಳ್ತಾರೆ ಅಂದ್ಕೊಂಡೆ. ಸತ್ತರೂ ಅವಳನ್ನೇ ಹೊಗಳಿದ್ರು. ಹತ್ತು ಸಂದೇಶ ಓದಿ ಮುಚ್ಚಿಬಿಟ್ಟೆ."

ಬಂಧನದ ಕಾಗದಕ್ಕೆ ಅವಳು ಸಹಿ ಹಾಕಿದಳು. ಪೊಲೀಸರ ಪತ್ರ ತಲುಪಿ ಟೀಚರ ಖಾತೆ ಮತ್ತೆ ತೆರೆದಿದೆಯೆಂದು ಮೀಸೆ ಬಂದು ಹೇಳಿದರು. ಮೇಡಂ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿ, ಕೊನೆಯಲ್ಲಿದ್ದ ಚಿಕ್ಕಮ್ಮನ ಸಂದೇಶ ತೋರಿಸಿದರು.

'ಮಗಳ ಭುಜದ ಮೇಲಿರುವ ಕೈ ಯಾರದು? ನನ್ನ ಅಕ್ಕನೂ ನನ್ನ ಭುಜದ ಮೇಲೆ ಹೀಗೇ ಕೈ ಇಡುತ್ತಿದ್ದಳು. ಗೊತ್ತಿದ್ದವರು ದಯವಿಟ್ಟು ಅವರ ಹೆಸರು ಹೇಳಿ. ನನಗೆ ಅವರ ಜೊತೆ ಮಾತಾಡಬೇಕು.'

ತಂಗಿ ಅದನ್ನು ಎರಡು ಸಲ ಓದಿದಳು.

"ಇದಕ್ಕೆ ಯಾರೂ ಉತ್ತರ ಬರೆದಿಲ್ವಾ?" ಎಂದು ಕೇಳಿದಳು.

ಯಾರೂ ಬರೆದಿರಲಿಲ್ಲ.