ಬಲಗೈ ತೋರುಬೆರಳು

ಕುಮಟೆಯ ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದ ಪರಮೇಶ್ವರಿ ಮೊದಲ ದಿನವೇ ಮಹಾಬಲನ ಬೆರಳಿಗೆ ಸ್ಕೇಲಿನಿಂದ ಹೊಡೆದಳು. ಕಲಿಯಲು ಬಂದವನೆಂದುಕೊಂಡಿದ್ದಳು.

"ಒಂದೇ ಬೆರಳಲ್ಲಿ ಕುಟ್ಟಿರೆ ಎಂತ ಕಲೀತ್ರಿ?"

"ನಾ ಕಲಿಯೂಕೆ ಬಂದವ ಅಲ್ರಾ. ಅರ್ಜಿ ಟೈಪ್ ಮಾಡೂಕೆ ಬಂದೆ. ಇಂಜಿನಿಯರಿಂಗ್ ಮುಗ್ಸಿದೆ."

"ಹಂಗಾರೆ ಮಷಿನ್ ಹಾಳು ಮಾಡೂಕೆ ಲೈಸೆನ್ಸ್ ಅದೆ ಅನ್ನಿ!"

ಅವನು ಬೆರಳು ಉಜ್ಜಿಕೊಳ್ಳುತ್ತಲೇ ನಕ್ಕ. ನಗುವಾಗ ಅವನ ಎಡಗಣ್ಣು ತುಸು ಹೆಚ್ಚು ಕಿರಿದಾಗುತ್ತಿತ್ತು. ಅದನ್ನು ಗಮನಿಸಿದ್ದೇ ಅವಳ ತಪ್ಪು.

ಆಮೇಲೆ ಮಿರ್ಜಾನದಿಂದ ವಾರಕ್ಕೊಂದು ಅರ್ಜಿ ಹಿಡಿದು ಬಂದ. ಕೆಲಸ ಸಿಗಲಿಲ್ಲ, ಟೈಪಿಂಗ್ ಮಾತ್ರ ಬಂತು. "ನೋಡಿ, ಯು ಮತ್ತೆ ಎಮ್, ಎರಡೂ ಬಲಗೈ ತೋರುಬೆರಳಿಂದೇ. ಒಂದಕ್ಕೆ ಮೇಲೆ ಹೋಗ್ಬೇಕು, ಇನ್ನೊಂದಕ್ಕೆ ಕೆಳಗೆ ಬರ್ಬೇಕು," ಎಂದು ಅವನ ಬೆರಳು ಹಿಡಿದು ತೋರಿಸಿದಳು. ತೋರಿಸಿ ಮುಗಿದ ಮೇಲೂ ಬಿಡಲಿಲ್ಲ.

ಅವನದು ತೋಟದ ಮನೆ, ಇವಳು ದರ್ಜಿಯ ಮಗಳು. ಎರಡೂ ಕಡೆಯವರು ಒಪ್ಪುವ ಮಾತೇ ಇರಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಹೊಳೆದಂಡೆಯ ದೇವಿಗುಡಿಯಲ್ಲಿ, ಗೆಳತಿ ಸರೋಜಾಳನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಮದುವೆಯಾದರು. ಅರಿಸಿನದ ದಾರಕ್ಕೆ ಕಟ್ಟಿದ ತಾಳಿ ರವಿಕೆಯೊಳಗೆ ಸೇರಿತು.

ತಿಂಗಳೊಳಗೆ ಉತ್ತರದ ಒಂದು ಉಕ್ಕಿನ ಕಾರ್ಖಾನೆಯಿಂದ ಫಾರ್ಮ್ ಬಂತು. ಇಂಜಿನಿಯರಿಂಗ್ ಪಾಸಾದವರಿಗೆ ಗ್ರಾಜುಯೇಟ್ ಟ್ರೈನಿ ಸ್ಕೀಮ್, ಎರಡು ವರ್ಷ. ಮದುವೆಯಾಗಿರಬಾರದು, ತರಬೇತಿ ಮುಗಿಯುವವರೆಗೆ ಆಗಲೂಬಾರದು.

"ಎರಡೇ ವರ್ಷ, ಪರಮೇಶೀ. ಕನ್ಫರ್ಮ್ ಆದ ದಿನ ಆ ಕಾಲಮ್ಮಿನಲ್ಲಿ ಮ್ಯಾರೀಡ್ ಅಂತ ನೀನೇ ಹೊಡಿ. ಮನೇಲಿ ಆಗ ಯಾರು ಎಂತ ಹೇಳ್ತಾರೆ ನೋಡ್ವ."

ಅವಳು ಅನ್‌ಮ್ಯಾರೀಡ್ ಎಂದು ಮೂರು ಪ್ರತಿ ಹೊಡೆದುಕೊಟ್ಟಳು. ಪ್ರೀತಿಸುವ ಹೆಣ್ಣಿನ ಹುಚ್ಚಿಗೆ ಯಾವ ಪಂಡಿತನ ಬಳಿ ಮದ್ದಿದೆ?

ಅಲ್ಲಿಂದ ಅವನ ಕಾಗದಗಳು 'ಮಿಸ್ ಪರಮೇಶ್ವರಿ'ಗೆ ಬರುತ್ತಿದ್ದವು. ಆರು ತಿಂಗಳು ಬರೀ ಅರ ಹಿಡಿದು ಕಬ್ಬಿಣ ಉಜ್ಜಿದೆ, ಅಂಗೈ ಹಗ್ಗ ಹೊಸೆಯುವವರ ಕೈಯಂತಾಗಿದೆ ಎಂದು ಬರೆದಿದ್ದ. ಓದಿ ಅತ್ತಳು. ಆಮೇಲೆ ಫರ್ನೇಸಿನ ವಿಭಾಗ, ಆಮೇಲೆ ಡ್ರಾಯಿಂಗ್ ಆಫೀಸು. ವಿಭಾಗ ಬದಲಾದಂತೆ ಕಾಗದಗಳು ಗಿಡ್ಡವಾದವು. ಇತ್ತ ಬಂದ ಸಂಬಂಧಗಳನ್ನೆಲ್ಲ ಅವಳು ಬೇಡವೆಂದಳು. ಕಾರಣ ಕೇಳಿ ಕೇಳಿ ಸೋತ ಅಪ್ಪ ಮಾತು ಬಿಟ್ಟರು.

ಎರಡು ವರ್ಷ ಕಳೆದು ಒಂದು ಬೆಳಿಗ್ಗೆ ಮಹಾಬಲ ಟೆರಿಲಿನ್ ಅಂಗಿ ತೊಟ್ಟು ಬಂದ. ಕೈಯಲ್ಲಿ ಕನ್ಫರ್ಮೇಶನ್ ಫಾರ್ಮ್ ಇತ್ತು. ಸಂತೋಷಕ್ಕೆ ಪರಮೇಶ್ವರಿಗೆ ನೆಲ ಕಾಣಲಿಲ್ಲ. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಎಲ್ಲ ಹೊಡೆದು ಆ ಕಾಲಮ್ಮಿಗೆ ಬಂದಾಗ ತಲೆಯೆತ್ತಿದಳು.

"ಹೊಡೀಲಾ?"

ಅವನು ಕಿಟಕಿಯತ್ತ ನೋಡಿದ. "ಜರ್ಮನಿ ಟ್ರೈನಿಂಗಿಗೆ ನನ್ನ ಹೆಸರು ಹೋಗ್ಯದೆ. ಅದಕ್ಕೂ ಅದೇ ಶರತ್ತು. ಮೊದಲು ಹಾಕಿದ್ದೇ ಇರ್ಲಿ."

"ಎಷ್ಟು ವರ್ಷ?"

"ಮೂರು. ಆಮೇಲೆ... ಆಮೇಲೆ ನೋಡ್ವ."

ಆ ಎರಡನೆಯ 'ಆಮೇಲೆ' ಅವಳನ್ನು ಇರಿಯಿತು. ಎದ್ದು ಕುರ್ಚಿ ಬಿಟ್ಟುಕೊಟ್ಟಳು.

"ಆತು. ಇದೊಂದನ್ನ ನೀವೇ ಹೊಡೀರಿ."

ಅವನು ಕುಳಿತ. ಬಲಗೈ ತೋರುಬೆರಳು ಕೀಗಳ ಮೇಲೆ ನಿಂತಿತು. ಪರಮೇಶ್ವರಿ ಆ ಬೆರಳನ್ನೇ ನೋಡಿದಳು. ಮ್ಯಾರೀಡಿನ ಎಮ್ ಹೊಡೆದರೆ ಅವಳ ಗಂಡ, ಅನ್‌ಮ್ಯಾರೀಡಿನ ಯು ಹೊಡೆದರೆ ಯಾರೋ. ಬೆರಳು ಒಂದು ಸಲ ಕೆಳಗೆ ಬಂದರೆ ಸಾಕು, ಜರ್ಮನಿಗೆ ಬೇಕಾದರೂ ಹೋಗಲಿ, ಮೂರಲ್ಲ ಆರು ವರ್ಷ ಕಾಯುತ್ತೇನೆ ಎಂದು ಮನಸ್ಸಿನಲ್ಲೇ ದೇವಿಗೆ ಹೇಳಿಕೊಂಡಳು.

ಬೆರಳು ಮೇಲಕ್ಕೆ ಹೋಯಿತು. ಕೀ ಹುಡುಕಲೂ ಇಲ್ಲ ಅವನು. ಅವಳು ಕಲಿಸಿದ್ದನ್ನು ಮರೆತಿರಲಿಲ್ಲ.

ಅವಳು ಹಾಳೆ ಎಳೆದು, ಕಾರ್ಬನ್ ಬಿಡಿಸಿ, ತಪ್ಪಿದೆಯೇ ಎಂದು ಸಾಲು ಸಾಲಾಗಿ ನೋಡಿದಳು. ಮಡಚಿ ಕವರಿಗೆ ಹಾಕಿದಳು. ಆಮೇಲೆ ಗೋಡೆಯತ್ತ ತಿರುಗಿ, ಕೊರಳ ದಾರ ಬಿಚ್ಚಿ, ತಾಳಿಯನ್ನೂ ಅದೇ ಕವರಿನೊಳಗೆ ಇಳಿಬಿಟ್ಟಳು.

"ತಗಳಿ," ಎಂದಳು. "ಇನ್ನು ನೀವು ಬರೆದದ್ದು ಸುಳ್ಳಲ್ಲ."