ಸಾಹಣಿಯ ಮೂರು ಸುತ್ತು

ಮಹಾನವಮಿಯ ಮುನ್ನಾದಿನದ ಇಳಿಬಿಸಿಲು ಬೆಳ್ಗಲ್ಲುದುರ್ಗದ ಕೋಟೆಯ ಮೇಲೆ ಅರಿಸಿನ ಚೆಲ್ಲಿದಂತೆ ಬಿದ್ದಿತ್ತು. ಪೇಟೆಯ ಬೀದಿಯಲ್ಲಿ ಸೇವಂತಿಗೆಯ ರಾಶಿಗಳು ಆಳೆತ್ತರಕ್ಕೆ ಏರಿದ್ದವು. ಚಿತ್ರಗಾರರು ಏಣಿಯ ಮೇಲೆ ನಿಂತು ಆನೆಗಳ ನೆತ್ತಿಗೆ ಬಣ್ಣ ಬರೆಯುತ್ತಿದ್ದರು. ಅರಮನೆಯ ಮುಂದಿನ ಕಲ್ಲುಹಾಸಿನ ಇಳಿಜಾರನ್ನು ನೀರು ಹೊಯ್ದು ತೊಳೆಯುತ್ತಿದ್ದರು. ಆ ಇಳಿಜಾರಿನ ಒಂದು ಮಗ್ಗುಲಿಗೆ ಅರಮನೆಯ ಕಣಜದ ಗೋಡೆ, ಇನ್ನೊಂದು ಮಗ್ಗುಲಿಗೆ ಮೂರಾಳು ಆಳದ ಕಂದಕ.

ಈ ಸಡಗರದ ನಡುವೆ ಮೂಡಣ ಬಾಗಿಲಿನಿಂದ ಒಂದು ಎತ್ತಿನ ಗಾಡಿ ಒಳಗೆ ಬಂದಿತು. ಅದರಲ್ಲಿ ಮೈಯೆಲ್ಲ ಧೂಳಾಗಿ ಕುಳಿತಿದ್ದವನು ಅರಮನೆಯ ಕುದುರೆಗಳ ಪರೀಕ್ಷಕ, ಬೊಪ್ಪಣ ಸಾಹಣಿ. ಸಿಂಹಳದಿಂದ ಬರುತ್ತಿದ್ದ.

"ಈ ಸಲ ಯಾವ ದೇಶ, ಸಾಹಣಿಯವರೇ?" ಎಂದು ಬಾಗಿಲ ಕಾವಲಿನ ಸಿಂಗಯ್ಯ ಕೂಗಿದ. "ಅರಮನೆಯ ಅನ್ನ ಉಂಡು ಭೂಮಂಡಲವನ್ನೇ ನೋಡುವ ಪುಣ್ಯ ನಿಮ್ಮದು. ನಾನು ಇಪ್ಪತ್ತು ವರ್ಷದಿಂದ ಈ ಬಾಗಿಲನ್ನೇ ನೋಡುತ್ತಿದ್ದೇನೆ."

"ಬಾ, ಬದಲು ಮಾಡಿಕೊಳ್ಳೋಣ" ಎಂದ ಬೊಪ್ಪಣ. ಸಿಂಗಯ್ಯ ನಕ್ಕ. ಬೊಪ್ಪಣ ನಗಲಿಲ್ಲ, ಆತ ಹಾಸ್ಯಕ್ಕೆ ಹೇಳಿದ ಮಾತಲ್ಲ ಅದು.

ಮೂವತ್ತೊಂದು ವರ್ಷ ಆತ ಕಡಲ ಮೇಲಿದ್ದ. ಕಡಲಾಚೆಯ ಹುರುಮುಂಜಿ ರೇವಿನ ಸಂತೆಯಲ್ಲಿ ಕುದುರೆಯ ಹಲ್ಲು ನೋಡಿದ್ದ, ಏಡನ್ನಿನ ಸುಡುಮರಳಿನಲ್ಲಿ ಅದರ ಮೈಸುಳಿ ನೋಡಿದ್ದ, ಹೆಸರು ತಿಳಿಯದ ಎಷ್ಟೋ ರೇವುಗಳಲ್ಲಿ ಒಬ್ಬನೇ ಅಕ್ಕಿ ಬೇಯಿಸಿಕೊಂಡು, ಸೊಂಟದ ಕರಡಿಗೆಯಲ್ಲಿದ್ದ ಮನೆದೇವರಿಗೆ ನೈವೇದ್ಯ ತೋರಿಸಿ ಉಂಡಿದ್ದ. ಮೊದಲ ಹತ್ತು ವರ್ಷ ಲೋಕವೆಲ್ಲ ಹೊಸತಾಗಿ ಕಂಡಿತು. ಆಮೇಲೆ ಎಲ್ಲ ರೇವುಗಳೂ ಒಂದೇ ರೇವಾದವು, ಎಲ್ಲ ಛತ್ರಗಳೂ ಒಂದೇ ಛತ್ರ. ಈಗ ಐವತ್ತೆಂಟು. ನೆಲದ ಮೇಲೆ ನಿಂತರೂ ಕಾಲಡಿಯಲ್ಲಿ ಹಡಗು ತೂಗಿದಂತಾಗುತ್ತಿತ್ತು.

ಮನೆಯ ಮುಂದೆ ಗಾಡಿ ನಿಂತಾಗ ಹೆಂಡತಿ ಹೊನ್ನಾಯಿ ಕಾಲಿಗೆ ನೀರು ತಂದಿಟ್ಟಳು. ಪ್ರತಿಸಲ ಕೇಳುವುದನ್ನೇ ಈಗಲೂ ಕೇಳಿದಳು: "ಮತ್ತೆ ಯಾವಾಗ ಹೊರಡುವುದು?"

"ಒಳಗೆ ಬರಲಾದರೂ ಬಿಡೆ."

"ಬನ್ನಿ, ಬೇಡವೆಂದವರಾರು? ಮಗಳ ಧಾರೆಗೆ ನಿಮ್ಮ ತಮ್ಮ ನಿಂತ, ಮೊಮ್ಮಗನ ನಾಮಕರಣಕ್ಕೂ ಅವನೇ ನಿಂತ. ನೀವು ಬಂದಾಗ ಮಾತ್ರ ನೆಂಟರ ಹಾಗೆ ಮಣೆ ಹಾಕುತ್ತೇನೆ. ಲೋಕ ಸುತ್ತುವ ಗಂಡನೆಂದು ನನ್ನ ತೌರಿನವರಿಗೆ ಇನ್ನೂ ಹೊಟ್ಟೆಕಿಚ್ಚು!"

"ದಳವಾಯಿಗಳಿಗೆ ಬಿನ್ನಹ ಕೊಟ್ಟಿದ್ದೇನಲ್ಲ, ಇನ್ನು ಪಯಣ ಸಾಕೆಂದು."

"ಕೊಟ್ಟು ಒಂದು ವರ್ಷವಾಯಿತು" ಎಂದಳು ಹೊನ್ನಾಯಿ.

ಬಿನ್ನಹ ಹೋಗಿದ್ದುದು ದಳವಾಯಿ ಹಂಪರಸನ ಕೈಗೆ. ಆತ ಎಳೆಯ ಅರಸು ಚಿಕ್ಕಮಲ್ಲ ಭೂಪಾಲನ ಸೋದರಮಾವ. ಅರಸು ಹದಿನೆಂಟು ತುಂಬುವವರೆಗೆ ರಾಜಮುದ್ರೆ ಮಾವನ ಬೆರಳಿನಲ್ಲಿತ್ತು. ನಾಳಿನ ನವಮಿಯಂದು ಅದು ಅಳಿಯನ ಬೆರಳಿಗೆ ಹೋಗಬೇಕು. ಆ ಶುಭಕ್ಕೆಂದು ಹಂಪರಸ ಅಳಿಯನಿಗೊಂದು ಬಿಳಿಗುದುರೆಯನ್ನು ಉಡುಗೊರೆ ಕೊಟ್ಟಿದ್ದ. ವೈಶಾಖದಲ್ಲಿ ಬೊಪ್ಪಣನೇ ಹುರುಮುಂಜಿಯಿಂದ ತಂದ ಕುದುರೆಗಳಲ್ಲಿ ಅದು ಅತ್ಯುತ್ತಮವಾದುದು. ಅದನ್ನು ದಳವಾಯಿ ತನ್ನ ಲಾಯಕ್ಕೆ ಕಟ್ಟಿಸಿಕೊಂಡು, ಅದರ ಮಾರನೆಯ ದಿನವೇ ಬೊಪ್ಪಣನನ್ನು ಆನೆ ನೋಡುವ ನೆಪದಲ್ಲಿ ಸಿಂಹಳಕ್ಕೆ ಕಳುಹಿಸಿದ್ದ.

ಕಡಲಾಚೆಯ ಕುದುರೆಗೆ ಶಂಖ ತಿಳಿಯದು, ನಗಾರಿ ತಿಳಿಯದು. ಆದ್ದರಿಂದ ಹೊಸ ಕುದುರೆಯನ್ನು ನಲವತ್ತೆಂಟು ದಿನ ನಗಾರಿಯ ಮಂಟಪದ ಬಳಿ ಕಟ್ಟಿ, ಸದ್ದು ಒಗ್ಗಿಸುವುದು ಆ ರಾಜ್ಯದ ಕಟ್ಟಳೆ. ಅದಕ್ಕೆ ನಾದಮಂಡಲವೆಂದು ಹೆಸರು.

ಸಂಜೆಯ ಮಂಗಳಾರತಿಗೆ ಪಟ್ಟದ ಕುದುರೆಗಳನ್ನು ದೇಗುಲದ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಬೊಪ್ಪಣ ಕೈಮುಗಿದು ನಿಂತಿದ್ದಂತೆ ಶಂಖ ಮೊಳಗಿತು. ಉಳಿದ ಹನ್ನೆರಡು ಕುದುರೆಗಳ ಕಿವಿಗಳೂ ಒಮ್ಮೆಗೇ ಶಂಖದತ್ತ ತಿರುಗಿದವು. ಬಿಳಿಗುದುರೆಯದು ಮಾತ್ರ ತಿರುಗಲಿಲ್ಲ.

ಬೊಪ್ಪಣನಿಗೆ ಹಡಗು ನೆನಪಾಯಿತು. ಬಿರುಗಾಳಿಯಲ್ಲಿ ಕುದುರೆಗಳು ಬೆದರದಂತೆ ಹಡಗಿನವರು ಅವುಗಳ ಕಿವಿಗೆ ಉಣ್ಣೆ ತುರುಕಿ ಮೇಣ ಮೆತ್ತುತ್ತಾರೆ. ಬೆಳ್ಗಲ್ಲಿನಲ್ಲಿ ಆ ಉಪಾಯವನ್ನು ಕಣ್ಣಾರೆ ಕಂಡವನು ತಾನೊಬ್ಬನೇ. ಬಾಯಾರೆ ಹೇಳಿದ್ದೂ ಒಬ್ಬನಿಗೇ. ಹೋದ ವರ್ಷ ಊಟದ ಮಣೆಯ ಮೇಲೆ ಕಡಲಕತೆ ಕೇಳುತ್ತಿದ್ದ ದಳವಾಯಿಗೆ.

ಅಂದರೆ ಈ ಕುದುರೆ ಇಷ್ಟು ತಿಂಗಳಲ್ಲಿ ಒಂದು ಸದ್ದನ್ನೂ ಕೇಳಿಲ್ಲ. ನಾಳೆ ಅರಸು ಏರಿದೊಡನೆ ಕಿವಿ ಬಿಚ್ಚಿದರೆ, ನೂರು ವಾದ್ಯಗಳ ನಡುವೆ, ಕಂದಕದ ಅಂಚಿನಲ್ಲಿ...

"ಏನು ನೋಡುತ್ತಿದ್ದೀರಿ, ಸಾಹಣಿಗಳೇ?" ಹಂಪರಸ ಪಕ್ಕದಲ್ಲೇ ನಿಂತಿದ್ದ. "ನಮ್ಮ ಲಾಯದಲ್ಲೇ ಮಂಡಲ ಮುಗಿಸಿದ್ದೇವೆ. ನಾಳೆ ಸಭೆಯ ಮುಂದೆ 'ಅಶ್ವ ನಿರ್ದೋಷ' ಎಂದು ನಿಮ್ಮ ಬಾಯಿಂದ ಒಂದು ಮಾತು ಬಂದರೆ ಸಾಕು. ನಿಮ್ಮ ಬಿನ್ನಹಕ್ಕೆ ನಾಳೆಯೇ ಒಪ್ಪಿಗೆ. ಮನೆಯ ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳಿ."

ಜಗಲಿ ಎಂಬ ಮಾತು ಕೇಳಿ ಬೊಪ್ಪಣನ ಕಣ್ಣು ಮಂಜಾಯಿತು. ಆತ ತಲೆಬಾಗಿ, "ನಾಳೆ ಹೇಳಬೇಕಾದುದನ್ನು ಹೇಳುತ್ತೇನೆ, ಸ್ವಾಮಿ" ಎಂದ.

ಅರಸನ ಬಾಗಿಲು ಕಾಯುವವರೆಲ್ಲ ದಳವಾಯಿಯ ಕಡೆಯವರು; ಒಳಗೆ ಹೋಗುವ ದಾರಿಯಿರಲಿಲ್ಲ. ಕೂಗಿ ಹೇಳಿದರೆ ಮೇಣ ತೆಗೆದೆಸೆಯಲು ಒಂದು ಗಳಿಗೆ ಸಾಕು. ಊರೂರು ತಿರುಗುವವನು ಯಾವ ಸುಲ್ತಾನನ ಉಪ್ಪು ತಿಂದಿದ್ದಾನೋ ಎಂದು ಆಡಿಕೊಳ್ಳುವ ಬಾಯಿಗಳಿಗೂ ಕಡಿಮೆಯಿಲ್ಲ. ಆತ ಮನೆಗೆ ಬಂದು ದೇವರ ಮುಂದೆ ಬಹಳ ಹೊತ್ತು ಕುಳಿತ. "ಹರಕೆ ಏನಾದರೂ ಇದೆಯೇ?" ಎಂದು ಹೊನ್ನಾಯಿ ಕೇಳಿದಳು. "ದಣಿವು, ಅಷ್ಟೇ" ಎಂದ.

ಮರುದಿನ ಇಳಿಜಾರಿನ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಜನ ಕಿಕ್ಕಿರಿದಿದ್ದರು. ನಗಾರಿಯವರು ಕೋಲು ಹಿಡಿದು ಸನ್ನೆಗೆ ಕಾದಿದ್ದರು. ದಳವಾಯಿಯ ಲಾಯದಾಳು ಮುದ್ದ, ಆ ಕುದುರೆಯನ್ನು ಸಾಕಿದವನು, ಲಗಾಮು ಸರಿಪಡಿಸುವವನಂತೆ ಅದರ ಬಲಗಿವಿಯತ್ತ ಬಾಗಿದ. ಅವನ ಮುಷ್ಟಿ ಮುಚ್ಚಿಕೊಂಡಿತು. ಎಡಕ್ಕೆ ಬರುವಷ್ಟರಲ್ಲಿ ಅಲ್ಲಿ ಬೊಪ್ಪಣ ನಿಂತು ಲಗಾಮು ಹಿಡಿದಿದ್ದ.

"ಪ್ರಭುಗಳು ಮನ್ನಿಸಬೇಕು. ಹೊಸ ಕುದುರೆಯನ್ನು ಅರಸು ಏರುವ ಮೊದಲು ಸಾಹಣಿ ಸಕಲ ವಾದ್ಯಗಳೊಡನೆ ಮೂರು ಸುತ್ತು ತೆಗೆಯಬೇಕು. ದೊಡ್ಡ ಪ್ರಭುಗಳ ಕಾಲದ ಕಟ್ಟಳೆ."

"ಮುಹೂರ್ತ ಮೀರುತ್ತದೆ!" ಎಂದ ಹಂಪರಸ.

ಎಳೆಯ ಅರಸು ನಕ್ಕ. "ಲೋಕವೆಲ್ಲ ಸುತ್ತಿದ್ದು ಸಾಲದೆ, ಸಾಹಣಿಯವರೇ? ಆಗಲಿ, ಮಾವಯ್ಯ. ಮೂರೇ ಸುತ್ತು ತಾನೆ."

ಬೊಪ್ಪಣ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಕುದುರೆಯನ್ನೇರಿ, "ಬಾರಿಸಿ!" ಎಂದ.

ನಗಾರಿ ಗುಡುಗಿತು, ಕಹಳೆ ಕೂಗಿತು. ಅರೆಗಿವಿಯಲ್ಲಿ ಆ ಪ್ರಳಯವನ್ನು ಕೇಳಿದ ಕುದುರೆ ಎರಡು ಕಾಲಮೇಲೆ ನಿಂತು, ಸುಳಿಗೆ ಸಿಕ್ಕ ದೋಣಿಯಂತೆ ತಿರುಗಿ, ಕಂದಕದತ್ತ ನುಗ್ಗಿತು. ಜನ ಚೀರಿದರು. ಬೊಪ್ಪಣ ಅದರ ಕೊರಳಿಗೆ ಬಿದ್ದು, ಇದ್ದ ಬಲವನ್ನೆಲ್ಲ ಎಡಲಗಾಮಿಗೆ ಹಾಕಿ, ಅಂಚಿನಲ್ಲಿ ಅದರ ಮೋರೆ ತಿರುಗಿಸಿದ. ಕುದುರೆ ಕಣಜದ ಗೋಡೆಯತ್ತ ಓಡಿತು. ಕಲ್ಲಿಗೂ ಕುದುರೆಗೂ ನಡುವೆ ಆತನ ಬಲಗಾಲು ಸಿಕ್ಕಿತು.

ವಾದ್ಯಗಳು ನಿಂತವು. ಅರಸು ಓಡಿಬಂದು ಆತನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ.

"ಎಡಗಿವಿ..." ಎಂದ ಬೊಪ್ಪಣ. "ತಮ್ಮ ಕೈಯಿಂದಲೇ ನೋಡಬೇಕು, ಪ್ರಭು. ಬಲಗಿವಿಯದು ಮುದ್ದನ ಮುಷ್ಟಿಯಲ್ಲಿದೆ."

ನಡುಗುತ್ತಿದ್ದ ಕುದುರೆಯ ಎಡಗಿವಿಯಿಂದ ಅರಸು ಮೇಣ ಮೆತ್ತಿದ ಉಣ್ಣೆಯುಂಡೆಯನ್ನು ಹೊರಗೆಳೆದ. ಭಟರು ಮುದ್ದನ ಮುಷ್ಟಿ ಬಿಡಿಸಿದಾಗ ಅದರ ಜೋಡಿ ಕೆಳಗೆ ಬಿತ್ತು. ಮುದ್ದ ದಳವಾಯಿಯ ಮುಖ ನೋಡಿದ. ಸಭೆಯೆಲ್ಲ ಅತ್ತಲೇ ನೋಡಿತು. ಹಂಪರಸ ಮುದ್ರೆಯುಂಗುರವನ್ನು ತಾನಾಗಿ ಕಳಚಲಿಲ್ಲ, ಕಳಚಿಸಬೇಕಾಯಿತು.

"ಏನು ಬೇಕು, ಕೇಳಿ" ಎಂದ ಅರಸು.

"ಕುದುರೆಯನ್ನು ಕೊಲ್ಲಬೇಡಿ, ಪ್ರಭು. ಅದರ ತಪ್ಪೇನೂ ಇಲ್ಲ. ತಾಯ್ನೆಲದಿಂದ ಬಿಡಿಸಿ ತಂದವನು ನಾನು. ಮಂಟಪದ ಬಳಿ ಕಟ್ಟಿಸಿ, ಮೆಲ್ಲಗೆ ಒಗ್ಗುತ್ತದೆ." ಆಮೇಲೆ, "ನನ್ನದೊಂದು ಬಿನ್ನಹವಿತ್ತು" ಎಂದ.

ಅದಕ್ಕೆ ಹೊಸ ಅರಸನ ಮೊದಲ ಮುದ್ರೆ ಬಿದ್ದಿತು.

ವೈದ್ಯರಿಗೆ ಮಂಡಿಯ ಕೆಳಗಿನ ಕಾಲನ್ನು ಉಳಿಸಲಾಗಲಿಲ್ಲ. ತಿಂಗಳ ಮೇಲೆ ಆತನನ್ನು ಡೋಲಿಯಲ್ಲಿ ತಂದು ಜಗಲಿಯ ಮೇಲೆ ಇಳಿಸಿದರು. ಹೊನ್ನಾಯಿ ನೀರು ತಂದಳು. ಇದ್ದ ಒಂದು ಪಾದವನ್ನು ತೊಳೆದು ಸೆರಗಿನಿಂದ ಒರಸಿದಳು.

ಆತ ಕಾದು ನೋಡಿ, "ಈ ಸಲ ಕೇಳಲೇ ಇಲ್ಲವಲ್ಲ?" ಎಂದ.

"ಏನನ್ನು?"

"ಮತ್ತೆ ಯಾವಾಗ ಹೊರಡುವುದು ಎಂದು."

"ಒಲೆಯ ಮೇಲೆ ಅನ್ನವಿದೆ. ಉಂಡಮೇಲೆ ಕೇಳುತ್ತೇನೆ" ಎಂದು ಆಕೆ ಕಣ್ಣು ತಪ್ಪಿಸಿ ಒಳಗೆ ಹೋದಳು.

ದೇಗುಲದಲ್ಲಿ ಸಂಜೆಯ ನಗಾರಿ ಆರಂಭವಾಯಿತು. ಮಂಟಪದ ಬಳಿ ಕಟ್ಟಿದ್ದ ಬಿಳಿಗುದುರೆ ಒಮ್ಮೆ ಬೆದರಿ ಕೆನೆದದ್ದು ಜಗಲಿಯವರೆಗೂ ಕೇಳಿಸಿತು. ಬೊಪ್ಪಣ ಕಿವಿಗೊಟ್ಟು ಕುಳಿತ. ಇಂದಿಗೆ ಅದರ ನಾದಮಂಡಲದ ಮೂವತ್ತನೆಯ ದಿನ, ಇನ್ನು ಹದಿನೆಂಟಿವೆ. ಎರಡನೆಯ ಬಾರಿ ಅದು ಕೆನೆಯಲಿಲ್ಲ. ಆತ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ಕೆಳಗಿನ ನೆಲ ತೂಗುತ್ತಿರಲಿಲ್ಲ.